ಅಂತರಿಕ್ಷಕ್ಕೂ ಕಾವಲು

ನಿಮ್ಮ ಅಜ್ಜ-ಅಜ್ಜಿಯರನ್ನು ಒಮ್ಮೆ ಕೇಳಿ ನೋಡಿರಿ. ೧೯೭೫ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ದೇಶದ ಸುಮಾರು ೨,೪೦೦ ಹಳ್ಳಿಗಳಲ್ಲಿ ಸಂಜೆಯಾಯಿತೆಂದರೆ ಜನ ದೂರದರ್ಶನದ ಪೆಟ್ಟಿಗೆಯ ಮುಂದೆ ಸೇರುತ್ತಿದ್ದರು. ಅತ್ತ ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು, ಇತ್ತ ನಮ್ಮ ಗದ್ವಾಲವನ್ನೂ ಒಳಗೊಂಡಿದ್ದ ಅಂದಿನ ಮಹಬೂಬನಗರ ಜಿಲ್ಲೆಯ ಹಳ್ಳಿಗಳು ಈ ‘ಸೈಟ್’ ಪ್ರಯೋಗದಲ್ಲಿದ್ದವು. ಬೇಸಾಯ, ಆರೋಗ್ಯಗಳ ಮಾತು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಆಕಾಶದಿಂದ ಇಳಿದು ಬರುತ್ತಿತ್ತು. ಆದರೆ ಆ ಉಪಗ್ರಹ ಅಮೆರಿಕದ್ದು. ೧೯೭೬ರ ಜುಲೈ ಮುಗಿಯುತ್ತಲೇ ಅವರು ಅದನ್ನು ಹಿಂದಕ್ಕೆ ಪಡೆದರು. ಒಪ್ಪಂದವೇ ಹಾಗಿತ್ತು, ತಪ್ಪೇನಿಲ್ಲ. ಆದರೂ ಎರವಲು ಎತ್ತಿನಿಂದ ಎಷ್ಟು ದಿನ ಉಳಲಾದೀತು?

ನಮ್ಮದೇ ‘ಆರ್ಯಭಟ’ ಉಡುಪಿ ಸೀಮೆಯ ಯು.ಆರ್. ರಾವ್ ಅವರ ಮುಂದಾಳುತನದಲ್ಲಿ ಬೆಂಗಳೂರಿನ ಪೀಣ್ಯದ ಷೆಡ್ಡುಗಳಲ್ಲಿ ಸಿದ್ಧವಾಗಿ, ೧೯೭೫ರ ಏಪ್ರಿಲ್ ೧೯ರಂದು ಸೋವಿಯತ್ ರಾಕೆಟ್ಟಿನ ಮೇಲೇರಿತು. ಇಂದು ಮಳೆಯ ಮುನ್ಸೂಚನೆ, ತುಂಗಭದ್ರೆಯ ನೆರೆಯ ಚಿತ್ರ, ಸೈನ್ಯದ ಸಂದೇಶ ಎಲ್ಲಕ್ಕೂ ಉಪಗ್ರಹವೇ ಬೇಕು. ಆದ್ದರಿಂದಲೇ ಶತ್ರುವಿನ ಕಣ್ಣೂ ಅದರ ಮೇಲೆ. ಅದನ್ನು ಒಡೆಯಲೇಬೇಕೆಂದಿಲ್ಲ, ಪ್ರಬಲವಾದ ರೇಡಿಯೋ ಅಲೆಗಳನ್ನು ಹರಿಸಿದರೆ, ಸಂತೆಯ ಗದ್ದಲದಲ್ಲಿ ಮಾತು ಮುಳುಗುವಂತೆ ಅದರ ಸಂದೇಶವೂ ಮುಳುಗುತ್ತದೆ.

೧೯೬೭ರ ಅಂತರಿಕ್ಷ ಒಪ್ಪಂದದಂತೆ ಭೂಮಿಯ ಸುತ್ತಲಿನ ಕಕ್ಷೆಯಲ್ಲಿ ಅಣ್ವಸ್ತ್ರ ಇಡುವಂತಿಲ್ಲ. ನೆಲದಿಂದ ಕ್ಷಿಪಣಿ ಹಾರಿಸಿ ಉಪಗ್ರಹವನ್ನು ಒಡೆಯುವುದಕ್ಕೆ ಮಾತ್ರ ಅದರಲ್ಲಿ ಸ್ಪಷ್ಟ ತಡೆಯಿಲ್ಲ. ೨೦೦೭ರ ಜನವರಿಯಲ್ಲಿ ಚೀನ ಸುಮಾರು ೮೫೦ ಕಿಲೋಮೀಟರ್ ಎತ್ತರದಲ್ಲಿದ್ದ ತನ್ನ ಹಳೆಯ ಹವಾಮಾನ ಉಪಗ್ರಹವನ್ನು ಹೀಗೆಯೇ ಒಡೆಯಿತು. ಪತ್ತೆಯಾದ ಚೂರುಗಳೇ ಮೂರು ಸಾವಿರಕ್ಕೂ ಹೆಚ್ಚು. ೨೦೧೯ರ ಮಾರ್ಚ್ ೨೭ರಂದು ನಮ್ಮ ವಿಜ್ಞಾನಿಗಳೂ ನಮ್ಮದೇ ಒಂದು ಉಪಗ್ರಹವನ್ನು ಹೊಡೆದರು. ಇದು ‘ಮಿಷನ್ ಶಕ್ತಿ’. ಆದರೆ ಅವರು ಆರಿಸಿದ್ದು ಸುಮಾರು ೩೦೦ ಕಿಲೋಮೀಟರ್ ಎತ್ತರವನ್ನು.

ಎತ್ತರದಲ್ಲೇನು ಭೇದ ಎನ್ನುವಿರಾ? ಕೆಳಗೆ ತೆಳುವಾದರೂ ಗಾಳಿಯಿದೆ. ಅದರ ತಡೆಗೆ ಚೂರುಗಳ ವೇಗ ಕುಗ್ಗಿ, ಕೆಳಗಿಳಿದು ಉರಿದುಹೋಗುತ್ತವೆ. ೮೫೦ ಕಿಲೋಮೀಟರಿನಲ್ಲಿ ಆ ತಡೆ ಅತ್ಯಲ್ಪ. ಚೂರುಗಳು ದಶಕಗಳವರೆಗೆ ಸುತ್ತುತ್ತವೆ. ನಮ್ಮ ಚೂರುಗಳಲ್ಲಿಯೂ ಕೆಲವು ಮೇಲಕ್ಕೆ ಚಿಮ್ಮಿ ಎರಡು ವರ್ಷಕ್ಕೂ ಮಿಕ್ಕಿ ಸುತ್ತಿದವೆಂಬುದನ್ನು ನಾವು ಮುಚ್ಚಿಡಬಾರದು. ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಓಡುವ ಗೋಲಿಯಷ್ಟು ಲೋಹ ಸಾಕು, ಉಪಗ್ರಹ ಹಾಳಾಗಲು. ಆ ಚೂರಿಗೆ ಮಿತ್ರನೂ ಒಂದೇ, ಶತ್ರುವೂ ಒಂದೇ.

ಇವುಗಳ ಮೇಲೆ ಕಣ್ಣಿಡಲು ಇಸ್ರೋ ೨೦೨೨ರಲ್ಲಿ ಬೆಂಗಳೂರಿನಲ್ಲಿ ಪ್ರತ್ಯೇಕ ಕೇಂದ್ರವನ್ನು ತೆರೆಯಿತು. ೨೦೨೩ರ ಜುಲೈ ೩೦ರಂದು ಶ್ರೀಹರಿಕೋಟೆಯಲ್ಲಿ ಬೆಳಿಗ್ಗೆ ೬-೩೦ಕ್ಕೆ ಹಾರಬೇಕಿದ್ದ ರಾಕೆಟ್ಟನ್ನು, ದಾರಿಯಲ್ಲಿ ಚೂರೊಂದು ಎದುರಾಗುವ ಸಂಭವವಿದ್ದುದರಿಂದ, ಒಂದು ನಿಮಿಷ ತಡೆದು ೬-೩೧ಕ್ಕೆ ಹಾರಿಸಲಾಯಿತು.