ಅರಮನೆಯಿಲ್ಲದ ಕಲೆ

ಕಲೆಗೆ ಅರಮನೆಯ ಆಶ್ರಯವಿರಬೇಕು, ಕವಿಗೆ ಅರಸನ ಕೃಪೆಯಿರಬೇಕು ಎಂಬ ಮಾತು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹಾಗಾದರೆ ಪ್ರಜೆಗಳೇ ಪ್ರಭುಗಳಾದಾಗ ಕಲೆ, ಸಾಹಿತ್ಯ, ಭಾಷೆಗಳ ಗತಿಯೇನು? ಫ್ರಾನ್ಸಿನ ತೋಕ್‌ವಿಲ್ ಎಂಬಾತನು 1831ರಲ್ಲಿ ಅಮೆರಿಕೆಗೆ ಹೋಗಿ, ಅಲ್ಲಿ ಕಂಡುದರ ಆಧಾರದಿಂದ ಈ ಪ್ರಶ್ನೆಯನ್ನು ವಿಚಾರಿಸಿದನು. ಓದುವವರು ಹೆಚ್ಚುವರು, ಬರವಣಿಗೆಯ ನಯ ಕುಗ್ಗುವುದು, ಭಾಷೆಯೊಳಗೆ ಹೊಸ ಪದಗಳು ನುಗ್ಗುವುವು ಎಂಬುದು ಅವನ ತರ್ಕ. ಅದೇ 1831ರ ಜನವರಿ 26ರಂದು ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ತೋಕ್‌ವಿಲ್ಲನ ಪ್ರಶ್ನೆಗೆ ರಾಯಣ್ಣನ ನಾಡು ಕೊಡುವ ಉತ್ತರ ಬೇರೆಯೇ ಆಗಿದೆ.

ಕಿತ್ತೂರಿನ ಸಂಸ್ಥಾನ ಅಳಿದಿತ್ತು. ಬೈಲಹೊಂಗಲದ ಸೆರೆಯಲ್ಲಿದ್ದ ರಾಣಿ ಚೆನ್ನಮ್ಮ 1829ರಲ್ಲಿಯೇ ತೀರಿಕೊಂಡಿದ್ದಳು. ರಾಯಣ್ಣನನ್ನು ಹಾಡೆಂದು ಕಡಗ ತೊಡಿಸುವ ದೊರೆ ಯಾರೂ ಉಳಿದಿರಲಿಲ್ಲ. ಆದರೂ ಜನ ಹಾಡಿದರು. 1880ರ ದಶಕದಲ್ಲಿ ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯು ಈ ಭಾಗದ ಲಾವಣಿಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದಾಗ ಅವುಗಳಲ್ಲಿ ರಾಯಣ್ಣನ ಬಂಡಾಯವಿತ್ತು. ಜೊತೆಗೆ ವರಮಾನ ತೆರಿಗೆಯನ್ನು ಹೇರಿದುದರ ಮೇಲೆ ಕಟ್ಟಿದ ಲಾವಣಿಯೂ ಇತ್ತು! ಮತವಿಲ್ಲದ ಜನ ತಮ್ಮ ಮತವನ್ನು ಹಾಡಿನಲ್ಲಿ ಕೊಟ್ಟಿದ್ದರು.

ಅದೇ ಸಂಗ್ರಹದಲ್ಲಿ ಸಂಗ್ಯಾನ ಕೊಲೆಯ ಕಥೆಯೂ ಉಂಟು. ಬೈಲಹೊಂಗಲದ ಕಡೆ ಹುಟ್ಟಿದ ಈ ಕಥೆಯೇ ‘ಸಂಗ್ಯಾ-ಬಾಳ್ಯಾ’ ಸಣ್ಣಾಟವಾಗಿ ಉತ್ತರ ಕರ್ನಾಟಕವನ್ನೆಲ್ಲ ಸುತ್ತಿತು. ದೊಡ್ಡಾಟದಲ್ಲಿ ಮೆರೆಯುವವರು ಪುರಾಣದ ವೀರರು. ಇಲ್ಲಿ ಒಬ್ಬ ವ್ಯಾಪಾರಿ, ಅವನ ಹೆಂಡತಿ ಗಂಗಿ, ಅವಳನ್ನು ಮೋಹಿಸಿದ ಸಂಗ್ಯಾ, ಗೆಳೆಯನಾಗಿದ್ದೂ ಕೈಬಿಟ್ಟ ಬಾಳ್ಯಾ. ಮಾತೆಲ್ಲ ಸಂತೆ ಪೇಟೆಯ ಮಾತು. ಕಿರೀಟವಿಲ್ಲದವನ ಪ್ರೇಮಕ್ಕೂ ಸಾವಿಗೂ ರಂಗದ ಮೇಲೆ ಇಡೀ ಒಂದು ಇರುಳು ಮೀಸಲಾದುದು ಸಾಮಾನ್ಯ ಸಂಗತಿಯೆ?

ಇನ್ನು ಗೀಗೀ ಮೇಳಗಳ ಹರದೇಶಿ-ನಾಗೇಶಿ ವಾದವನ್ನು ಕೇಳಿದವರೇ ಬಲ್ಲರು. ಗಂಡು ಹೆಚ್ಚೆಂದು ಹರದೇಶಿಯವರು, ಹೆಣ್ಣು ಹೆಚ್ಚೆಂದು ನಾಗೇಶಿಯವರು. ಡಪ್ಪು ಬಾರಿಸಿ ಒಬ್ಬರು ಪ್ರಶ್ನೆ ಹಾಕಿದರೆ ಎದುರಿನವರು ಹಾಡಿನಲ್ಲಿಯೇ ಅದನ್ನು ಬಿಡಿಸಬೇಕು. ನೆರೆದ ಜನರೇ ತೀರ್ಪುಗಾರರು. ನಮ್ಮ ಶಾಸನಸಭೆಗಳಲ್ಲಿ ಎದುರಾಳಿಯ ಪ್ರಶ್ನೆಯನ್ನು ಇಷ್ಟು ತಾಳ್ಮೆಯಿಂದ ಆಲಿಸುವರೆ ಎಂಬುದು ನನ್ನ ಸಂದೇಹ.

ಭಾಷೆಯ ಮಾತಿಗೆ ಬಂದರೆ ರಾಮದುರ್ಗವನ್ನು ನೆನೆಯಬೇಕು. ಸಂಸ್ಕೃತದಲ್ಲಿ ‘ಪ್ರಜೆ’ ಎಂದರೆ ಸಂತಾನ. ಸಂಸ್ಥಾನಿಕನು ತಂದೆ, ಆಳಿಸಿಕೊಳ್ಳುವವರು ಮಕ್ಕಳು ಎಂಬ ಭಾವ ಆ ಪದದೊಳಗೆ ಅಡಗಿತ್ತು. ರಾಮದುರ್ಗದವರು ಅದೇ ಪದವನ್ನು ಎತ್ತಿಕೊಂಡು ಪ್ರಜಾಸಂಘ ಕಟ್ಟಿ ಹಕ್ಕು ಕೇಳಿದರು. 1939ರ ಏಪ್ರಿಲಿನಲ್ಲಿ ಆ ಚಳವಳಿ ರಕ್ತಪಾತಕ್ಕೆ ತಿರುಗಿತು. ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಇಂದು ನಾವು ಸಲೀಸಾಗಿ ಉಚ್ಚರಿಸುವ ‘ಪ್ರಜಾಪ್ರಭುತ್ವ’ದಲ್ಲಿ ಮಗು ಮತ್ತು ಒಡೆಯ ಎರಡೂ ಒಂದೇ ಪದವಾಗಿ ಕುಳಿತಿರುವುದರ ಹಿಂದೆ ಇಂತಹ ನೆತ್ತರೂ ಇದೆ.

ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ 1896ರಲ್ಲಿ ಹುಟ್ಟಿದ ಶಂ. ಬಾ. ಜೋಶಿಯವರು ಕನ್ನಡದ ಮೂಲವನ್ನು ಆಸ್ಥಾನಕವಿಗಳಲ್ಲಿ ಅರಸಲಿಲ್ಲ. ದನಗಾಹಿಗಳ ಹಟ್ಟಿಗಳಲ್ಲಿ, ಊರುಗಳ ಹೆಸರುಗಳಲ್ಲಿ ಅರಸಿದರು. ಇದೇ ಬೆಳಗಾವಿ ಜಿಲ್ಲೆಯ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರು ‘ಸಂಗ್ಯಾ-ಬಾಳ್ಯಾ’ವನ್ನು ಸಂಪಾದಿಸಿದರು, ಬಯಲಾಟದ ಧಾಟಿಯಲ್ಲಿ ‘ಜೋಕುಮಾರಸ್ವಾಮಿ’ಯನ್ನು ಬರೆದು, ಹೊಲ ಯಾರದು ಎಂಬ ಪ್ರಶ್ನೆಯನ್ನು ಹಳ್ಳಿಯ ಕನ್ನಡದಲ್ಲಿಯೇ ಕೇಳಿಸಿದರು. ಇಲ್ಲಿ ನಯ ಕುಗ್ಗಿತೆಂದು ಯಾರು ಹೇಳಿಯಾರು?

ಆದರೆ ಆತಂಕವೊಂದುಂಟು. ಸ್ವಾತಂತ್ರ್ಯ ಬಂದ ಮೇಲೆ ಕುಟುಂಬ ಯೋಜನೆಯನ್ನೂ ಸಾಕ್ಷರತೆಯನ್ನೂ ಜನರಿಗೆ ಮುಟ್ಟಿಸಲು ಸರಕಾರವು ಜನಪದ ಮೇಳಗಳನ್ನೇ ಕರೆಯಿತು. ಉದ್ದೇಶ ಒಳ್ಳೆಯದೇ, ಬಡ ಕಲಾವಿದನಿಗೆ ನಾಲ್ಕು ಕಾಸೂ ದೊರೆಯಿತು. ಆದರೆ ತೆರಿಗೆಯನ್ನು ಪ್ರಶ್ನಿಸಿದ ಡಪ್ಪು ಯೋಜನೆಯನ್ನು ಸಾರುವ ಡಂಗುರವಾದರೆ ಹಳೆಯ ಅರಮನೆ ಹೊಸ ಹೆಸರಿನಿಂದ ಮರಳಿತೆಂದೇ ಅರ್ಥ. 1824ರ ಅಕ್ಟೋಬರ್ 23ರ ಗೆಲುವಿನ ನೆನಪಿಗೆ ಕಿತ್ತೂರಿನಲ್ಲಿ ಉತ್ಸವ ನಡೆಯುತ್ತದೆ. ಅಂತಹ ಉತ್ಸವಗಳ ವೇದಿಕೆಯ ಮೇಲೆ ಒಂದು ಮೇಳಕ್ಕೆ ಸಿಗುವುದು ಕೆಲವೇ ನಿಮಿಷಗಳ ಅವಕಾಶ. ಹರದೇಶಿ-ನಾಗೇಶಿಯರಿಗೆ ಬೆಳಗಿನ ಕೋಳಿ ಕೂಗುವವರೆಗೆ ವೇದಿಕೆ ಬಿಟ್ಟುಕೊಟ್ಟು, ಏನನ್ನು ಹಾಡಬೇಕೆಂಬುದನ್ನು ಅವರಿಗೇ ಒಪ್ಪಿಸಿ, ಮಂತ್ರಿಗಳೂ ಅಧಿಕಾರಿಗಳೂ ಜನರ ನಡುವೆ ಕಂಬಳಿ ಹಾಸಿ ಕುಳಿತು ಒಂದಿರುಳು ಕೇಳಬಾರದೆ?