ಬೆನ್ನ ಮೇಲೆ ಜೆಟ್ ಹೊತ್ತ ಪ್ಯಾಕೆಟ್: ಸೇನಾ ಸಾಗಣೆ ವಿಮಾನದ ಮಾದರಿ ಕಟ್ಟುವ ಬಗೆ

ಸ್ಕೇಲ್ ಮಾಡೆಲ್ ಎಂದರೆ ನಿಜವಾದ ವಸ್ತುವಿನ ಎಲ್ಲ ಅಳತೆಗಳನ್ನೂ ಒಂದೇ ಪ್ರಮಾಣದಲ್ಲಿ ತಗ್ಗಿಸಿ ಮಾಡಿದ ಮಾದರಿ. ವಿಮಾನಗಳಿಗೆ ಹೆಚ್ಚು ರೂಢಿಯಲ್ಲಿರುವ ಪ್ರಮಾಣ 1/72. ಈ ಲೆಕ್ಕದಲ್ಲಿ ಆರಡಿ ಎತ್ತರದ ಸೈನಿಕ ಸರಿಯಾಗಿ ಒಂದು ಇಂಚಿನವನಾಗುತ್ತಾನೆ. ಬೆಂಗಳೂರಿನಲ್ಲಿ ತಯಾರಾದ ಪುಟ್ಟ ನ್ಯಾಟ್ ಫೈಟರ್ ಅಂಗೈ ಮೇಲೆ ನಿಲ್ಲುತ್ತದೆ. ಸರಕು ಮತ್ತು ಸೈನಿಕರನ್ನು ಹೊರುವ ವಿಮಾನಗಳ ಮಾತು ಬೇರೆ. ಭಾರತೀಯ ವಾಯುಪಡೆ ಬಳಸಿದ ಸಿ-119ಜಿ ಪ್ಯಾಕೆಟ್‌ನ ರೆಕ್ಕೆಯ ಹರವು 33.3 ಮೀಟರ್, ಉದ್ದ 26.37 ಮೀಟರ್, ಮಾದರಿಯಲ್ಲಿ ಅವು 46 ಮತ್ತು 36.6 ಸೆಂಟಿಮೀಟರ್ ಆಗುತ್ತವೆ. ಓದುವ ಮೇಜಿನ ಅರ್ಧವನ್ನು ಅದೊಂದೇ ತುಂಬುತ್ತದೆ. ಫೈಟರ್‌ಗಳನ್ನು ಕಟ್ಟುವವರು ಬಹಳ, ಸಾಗಣೆ ವಿಮಾನ ಕಟ್ಟುವವರು ಕಡಿಮೆ. ಭಾರತದ ಗಡಿಯ ಚರಿತ್ರೆ ಗೊತ್ತಿದ್ದವರಿಗೆ ಇದು ಸರಿಯೆನಿಸದು. ಹಿಮಾಲಯದ ಠಾಣೆಗಳಿಗೆ ಅಕ್ಕಿ, ಹಿಟ್ಟು, ಸೀಮೆಎಣ್ಣೆ, ಮದ್ದುಗುಂಡು ಮುಟ್ಟಿಸಿದವು ಈ ದಪ್ಪ ಹೊಟ್ಟೆಯ ವಿಮಾನಗಳೇ.

ಮಾದರಿಗೆ ಪ್ಯಾಕೆಟ್ ಅನ್ನು ಆರಿಸಿಕೊಳ್ಳಲು ಕನ್ನಡಿಗರಿಗೆ ವಿಶೇಷ ಕಾರಣವಿದೆ: ಅದು ಮುಂದೆ ಬೆನ್ನ ಮೇಲೆ ಹೊತ್ತ ಜೆಟ್ ಬೆಂಗಳೂರಿನಲ್ಲಿ ತಯಾರಾದದ್ದು. 1940ರ ಡಿಸೆಂಬರ್‌ನಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಬೆಂಬಲದೊಂದಿಗೆ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ (ಮುಂದೆ ಎಚ್‌ಎಎಲ್) ಸ್ಥಾಪಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯ ಡಕೋಟಾ ಸಾಗಣೆ ವಿಮಾನಗಳು ದುರಸ್ತಿಗೆ ಬರುತ್ತಿದ್ದದ್ದು ಅಲ್ಲಿಗೆ. ಯುದ್ಧ ಮುಗಿದ ಮೇಲೆ ಉಳಿದ ಡಕೋಟಾಗಳೇ ಹೊಸ ದೇಶದ ಸಾಗಣೆಯ ಆಧಾರವಾದವು. 1948ರ ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಲಡಾಖಿನ ಲೇಹ್‌ನ ಕಚ್ಚಾ ರನ್‌ವೇ ಮೇಲೆ ಮೊದಲ ಬಾರಿ ಡಕೋಟಾ ಇಳಿಸಿದಾಗ, ಅದರಲ್ಲಿ ಜೊತೆಗಿದ್ದವರು ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ.

1954ರಿಂದ ವಾಯುಪಡೆಗೆ ಅಮೆರಿಕದ ಫೇರ್‌ಚೈಲ್ಡ್ ಕಂಪನಿಯ ಪ್ಯಾಕೆಟ್‌ಗಳು ಬಂದವು. ಎರಡು ರೈಟ್ ಆರ್-3350 ಪಿಸ್ಟನ್ ಎಂಜಿನ್, ಎಂಜಿನ್‌ಗಳ ಹಿಂದಿನಿಂದ ಬಾಲದವರೆಗೆ ಚಾಚಿದ ಎರಡು ತೋಳು, ಅವುಗಳ ನಡುವೆ ಪೆಟ್ಟಿಗೆಯಂಥ ಹೊಟ್ಟೆ, ಹಿಂದುಗಡೆ ಎರಡು ಪಡಿಯ ಬಾಗಿಲು: ದೂರದಿಂದಲೇ ಗುರುತು ಹತ್ತುವ ಆಕಾರ. ಆದರೆ ಲಡಾಖಿನಲ್ಲಿ ಒಂದು ತೊಡಕು ಎದುರಾಯಿತು. ಸಮುದ್ರಮಟ್ಟದಿಂದ ಐದು ಸಾವಿರ ಮೀಟರ್ ಮೇಲೆ ಗಾಳಿಯ ಸಾಂದ್ರತೆ ಬಯಲಿನದರ ಸುಮಾರು ಶೇ. 60ರಷ್ಟು ಮಾತ್ರ. ರೆಕ್ಕೆಗೆ ಎತ್ತುವ ಬಲ ಕಡಿಮೆ, ಪ್ರೊಪೆಲ್ಲರ್‌ಗೆ ಹಿಡಿತ ಕಡಿಮೆ, ಎಂಜಿನ್ ಉಸಿರಾಟಕ್ಕೂ ಗಾಳಿ ಸಾಲದು. ತುಂಬಿದ ವಿಮಾನದ ಒಂದು ಎಂಜಿನ್ ಕೈಕೊಟ್ಟರೆ ಕಣಿವೆಯಿಂದ ಮೇಲೇಳುವ ಆಸೆಯೇ ಇಲ್ಲ.

ಇದಕ್ಕೆ ಕಂಡುಕೊಂಡ ಪರಿಹಾರ ಧೈರ್ಯದ್ದು: ಹೊಟ್ಟೆಯ ಮೇಲುಗಡೆ, ಬೆನ್ನಿನ ನಡುವೆ, ಮೂರನೆಯದೊಂದು ಎಂಜಿನ್ ಕೂರಿಸುವುದು. ಅದು ಜೆಟ್; ಏರುವಾಗ ಮತ್ತು ಸಂಕಟದಲ್ಲಿ ನೂಕಿಕೊಡಲು. ಮೊದಲು ಹಾಕಿದ್ದು ಅಮೆರಿಕದ ವೆಸ್ಟಿಂಗ್‌ಹೌಸ್ ಜೆ34. ಆಮೇಲೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಲೈಸೆನ್ಸ್ ಪಡೆದು ತಯಾರಿಸುತ್ತಿದ್ದ ಆರ್ಫಿಯಸ್ ಬಂತು. ನ್ಯಾಟ್ ಮತ್ತು ಮಾರುತ್ ಫೈಟರ್‌ಗಳನ್ನು ಹಾರಿಸಿದ ಎಂಜಿನ್ ಕುಟುಂಬವೇ ಇದು. ಅಮೆರಿಕದವರು ಸಿ-119ರ ಗನ್‌ಶಿಪ್ ರೂಪಕ್ಕೆ ರೆಕ್ಕೆಯ ಕೆಳಗೆ ಎರಡು ಸಣ್ಣ ಜೆಟ್ ತೂಗುಹಾಕಿದರು. ಭಾರತದ ಪ್ಯಾಕೆಟ್ ಒಂದನ್ನೇ ಬೆನ್ನ ಮೇಲೆ ಹೊತ್ತಿತು. 1962ರ ಜುಲೈ 23ರಂದು ಸ್ಕ್ವಾಡ್ರನ್ ಲೀಡರ್ ಸಿ.ಕೆ.ಎಸ್. ರಾಜೆ ಲಡಾಖಿನ 16,614 ಅಡಿ ಎತ್ತರದ ದೌಲತ್ ಬೇಗ್ ಓಲ್ಡಿಯಲ್ಲಿ ಪ್ಯಾಕೆಟ್ ಇಳಿಸಿದರು. ಇಂಥ ಎತ್ತರದಲ್ಲಿ ಸಾಗಣೆ ವಿಮಾನ ಇಳಿಸುವುದು ಅಂದಿಗೆ ಯಾರೂ ಊಹಿಸದ ಸಾಹಸ.

ಇಟಲಿಯ ಇಟಲೇರಿ ಕಂಪನಿ 1/72 ಪ್ರಮಾಣದಲ್ಲಿ ಸಿ-119ರ ಪ್ಲಾಸ್ಟಿಕ್ ಕಿಟ್ ಹೊರತಂದಿದೆ. ಆ ಪೆಟ್ಟಿಗೆಯಿಂದ ಭಾರತದ ಜೆಟ್ ಪ್ಯಾಕೆಟ್ ಮಾಡಬೇಕಾದರೆ ಮಾರ್ಪಾಡು ಅನಿವಾರ್ಯ. ಕತ್ತರಿ ಹಿಡಿಯುವ ಮುನ್ನ ತೀರ್ಮಾನವಾಗಬೇಕಾದದ್ದು ಒಂದೇ: ಯಾವ ವಿಮಾನ, ಯಾವ ವರ್ಷ? 1950ರ ದಶಕದ ಪ್ಯಾಕೆಟ್‌ಗೆ ಬೆನ್ನ ಮೇಲೆ ಏನೂ ಇಲ್ಲ. 1960ರ ದಶಕದ ಆರಂಭದ್ದಾದರೆ ಜೆ34, ನಂತರದ್ದಾದರೆ ಆರ್ಫಿಯಸ್. ಒಂದರ ಗುರುತಿನ ಸಂಖ್ಯೆಯನ್ನು ಇನ್ನೊಂದರ ರೂಪಕ್ಕೆ ಅಂಟಿಸಿದರೆ ಎಷ್ಟೇ ನುಣುಪಾಗಿ ಬಣ್ಣ ಹೊಡೆದರೂ ಮಾದರಿ ಸುಳ್ಳು ಹೇಳುತ್ತದೆ. ಹಾಗಾಗಿ ಒಂದು ನಿರ್ದಿಷ್ಟ ವಿಮಾನದ ಫೋಟೊಗಳನ್ನು ಮೊದಲು ಕೂಡಿಹಾಕಬೇಕು.

ಫೋಟೊದಿಂದ ಅಳತೆ ತೆಗೆಯಲು ಸುಲಭದ ಒಂದು ಉಪಾಯವಿದೆ. ಪಕ್ಕದಿಂದ ನೇರವಾಗಿ, ದೂರದಿಂದ ತೆಗೆದ ಚಿತ್ರವನ್ನು ಝೆರಾಕ್ಸ್ ಅಂಗಡಿಗೆ ಒಯ್ದು, ಮೂಗಿನಿಂದ ಬಾಲದ ತುದಿಯವರೆಗೆ 36.6 ಸೆಂಟಿಮೀಟರ್ ಬರುವಂತೆ ಎ-3 ಹಾಳೆಯ ಮೇಲೆ ಹಿಗ್ಗಿಸಬೇಕು. ಅಲ್ಲಿಗೆ ಹಾಳೆಯ ಮೇಲಿನ ಚಿತ್ರ ಮಾದರಿಯಷ್ಟೇ ದೊಡ್ಡದಾಯಿತು. ಜೆಟ್ ಪ್ಯಾಕ್‌ನ (ಹೊದಿಕೆ ಸಮೇತ ಬೆನ್ನ ಮೇಲಿನ ಎಂಜಿನ್‌ನ) ಉದ್ದ, ಎತ್ತರ, ಬೆನ್ನಿನ ಮೇಲೆ ಅದು ಕೂತ ಜಾಗ ಎಲ್ಲವನ್ನೂ ಶಾಲೆಯ ಅಳತೆಪಟ್ಟಿಯಿಂದ ನೇರವಾಗಿ ಓದಿಕೊಳ್ಳಬಹುದು. ಓರೆಯಾಗಿ ತೆಗೆದ ಚಿತ್ರ ಇದಕ್ಕೆ ಬಾರದು.

ಧಾರವಾಡ ಜಿಲ್ಲೆಯ ನವಲಗುಂದದಂಥ ಊರಲ್ಲಿ ಕಿಟ್ ಮಾರುವ ಅಂಗಡಿ ಹುಡುಕುವುದಕ್ಕಿಂತ ಅಂಚೆ ಅಥವಾ ಕೊರಿಯರ್ ಮೂಲಕ ತರಿಸುವುದೇ ದಾರಿ. ಉಳಿದ ಸಾಮಾನಿಗೆ ಪೇಟೆಯೇ ಸಾಕು: ಬ್ಲೇಡು, ಸಣ್ಣ ಕಟಿಂಗ್ ಪ್ಲೇಯರ್, ಚಿಮಟ, ನೀರಿನಲ್ಲಿ ಉಜ್ಜುವ ಪಾಲಿಶ್ ಪೇಪರ್, ರಬ್ಬರ್ ಬ್ಯಾಂಡು, ಬಟ್ಟೆಗೆ ಹಾಕುವ ಚಿಮಟಿಗೆ, ಫೆವಿಕಾಲ್, ಫೆವಿಕ್ವಿಕ್. ಪ್ಲಾಸ್ಟಿಕ್ ಕಿಟ್‌ನ ಅಂಟನ್ನು ಮಾತ್ರ ಬೇರೆಯಾಗಿ ತರಿಸಬೇಕು. ಅದು ಪ್ಲಾಸ್ಟಿಕ್ಕಿನ ಮೇಲ್ಪದರವನ್ನೇ ಕರಗಿಸಿ ಎರಡು ತುಂಡುಗಳನ್ನು ಒಂದಾಗಿಸುತ್ತದೆ. ವೆಲ್ಡಿಂಗ್ ಇದ್ದ ಹಾಗೆ. ಕಿಟಕಿಗಳ ಬಳಿ ಫೆವಿಕ್ವಿಕ್ ತರಲೇಬಾರದು, ಅದರ ಹೊಗೆಗೆ ಪಾರದರ್ಶಕ ಪ್ಲಾಸ್ಟಿಕ್ ಮಂಜುಗಟ್ಟುತ್ತದೆ. ಅಲ್ಲಿಗೆ ಫೆವಿಕಾಲ್ ಒಳ್ಳೆಯದು.

ಕೆಲಸ ಒಳಗಿನಿಂದ ಶುರುವಾಗುತ್ತದೆ. ಹಿಂದಿನ ಬಾಗಿಲು ತೆರೆದು ತೋರಿಸುವುದಾದರೆ ಸರಕಿನ ಕೋಣೆಯ ನೆಲ, ಪಕ್ಕದ ಪಟ್ಟಿಗಳು, ಮಡಚುವ ಆಸನಗಳು ಹೊಟ್ಟೆಯ ಎರಡು ಹೋಳು ಸೇರುವ ಮುನ್ನವೇ ಮುಗಿದಿರಬೇಕು. ಆಮೇಲೆ ಕೈ ತೂರದು. ಪ್ಯಾಕೆಟ್‌ಗೆ ಮೂಗಿನ ಕೆಳಗೆ ಮುಂದಿನ ಚಕ್ರ, ರೆಕ್ಕೆಯ ಕೆಳಗೆ ಎರಡು ಕಡೆ ಮುಖ್ಯ ಚಕ್ರಗಳು. ತೋಳು, ಬಾಲ ಎಲ್ಲ ಮುಖ್ಯ ಚಕ್ರಗಳ ಹಿಂದೆ ಇರುವುದರಿಂದ ಹಾಗೇ ಬಿಟ್ಟರೆ ಮಾದರಿ ಹಿಂದಕ್ಕೆ ಕುಸಿದು ಮೂಗು ಮೇಲೆತ್ತುತ್ತದೆ. ಅದಕ್ಕೆ ಮೂಗಿನೊಳಗೆ ಸೈಕಲ್ ಅಂಗಡಿಯ ಬೇರಿಂಗ್ ಗುಂಡುಗಳನ್ನು ತುಂಬಿ ಅಂಟಿಸಬೇಕು. ಎಷ್ಟು ಬೇಕೆಂದು ತಿಳಿಯಲು ಬಿಡಿಭಾಗಗಳನ್ನೆಲ್ಲ ಟೇಪಿನಿಂದ ಜೋಡಿಸಿ, ಮುಖ್ಯ ಚಕ್ರ ಬರುವ ಜಾಗದ ಕೆಳಗೆ ಪೆನ್ಸಿಲ್ ಇಟ್ಟು ತೂಗಿಸಿ ನೋಡಬೇಕು. ಬೆನ್ನ ಮೇಲಿನ ಪ್ಯಾಕ್‌ನ ಭಾರವನ್ನೂ ಈ ಲೆಕ್ಕಕ್ಕೆ ಹಿಡಿಯಬೇಕು, ಹೊಟ್ಟೆ ಮುಚ್ಚಿದ ಮೇಲೆ ತಿದ್ದುಪಡಿಗೆ ಅವಕಾಶವಿಲ್ಲ.

ಅತಿ ಎಚ್ಚರ ಬೇಡುವುದು ಎರಡು ತೋಳುಗಳ ಜೋಡಣೆ. ಅವು ಒಂದಕ್ಕೊಂದು ಸಮಾಂತರವಾಗಿರಬೇಕು, ಬಾಲದ ಅಡ್ಡರೆಕ್ಕೆ ಅವುಗಳ ನಡುವೆ ಬಿರುಕಿಲ್ಲದೆ ಕೂರಬೇಕು. ಒಂದು ತೋಳು ಒಂದು ಮಿಲಿಮೀಟರ್ ಸರಿದರೂ ನಿಜವಾದ ವಿಮಾನದಲ್ಲಿ ಏಳು ಸೆಂಟಿಮೀಟರ್ ಸೊಟ್ಟಾದಂತೆ. ಗ್ರಾಫ್ ಹಾಳೆಯನ್ನು ಗಾಜಿನ ಮೇಲೆ ಅಂಟಿಸಿ, ರೆಕ್ಕೆ, ತೋಳು, ಬಾಲ ಮೂರನ್ನೂ ಅಂಟಿಲ್ಲದೆ ಕೂಡಿಸಿ ಗೆರೆಗಳಿಗೆ ಹೊಂದಿಸಬೇಕು. ಮೂರೂ ಹೊಂದಿದ ಮೇಲಷ್ಟೇ ಅಂಟು, ಮತ್ತು ಒಂದು ರಾತ್ರಿಯ ವಿಶ್ರಾಂತಿ.

ಈಗ ಜೆಟ್ ಪ್ಯಾಕ್. ಆರ್ಫಿಯಸ್ ಎಂಜಿನ್‌ನ ವ್ಯಾಸ 80 ಸೆಂಟಿಮೀಟರ್ ಆಸುಪಾಸು. 1/72ರಲ್ಲಿ 11 ಮಿಲಿಮೀಟರ್. ಅದರ ಸುತ್ತ ಹೊದಿಕೆಯೂ ಇರುವುದರಿಂದ ಮಾದರಿಯ ಪ್ಯಾಕ್ ಇನ್ನೂ ತುಸು ದಪ್ಪ. ಮಾರ್ಕರ್ ಪೆನ್ನಿನ ಮುಚ್ಚಳ ಗಾತ್ರಕ್ಕೆ ಹೊಂದಿದರೂ ಆ ಜಾತಿಯ ಪ್ಲಾಸ್ಟಿಕ್‌ಗೆ ಅಂಟು, ಬಣ್ಣ ಎರಡೂ ಹಿಡಿಯುವುದಿಲ್ಲ. ಅದಕ್ಕಿಂತ ಊರಿನ ಬಡಿಗೇರರಿಂದ ಮೆದು ಕಟ್ಟಿಗೆಯ ದುಂಡು ಕಡ್ಡಿಯೊಂದನ್ನು ಮಾಡಿಸಿಕೊಳ್ಳುವುದು ಮೇಲು. ಅದರ ಮುಂದಿನ ಬಾಯನ್ನು ಡ್ರಿಲ್ಲಿನಿಂದ ಕೊರೆದು, ಅಂಚನ್ನು ತೆಳುವಾಗಿಯೂ ದುಂಡಾಗಿಯೂ ಉಜ್ಜಬೇಕು. ದಪ್ಪ ಅಂಚಿನ ಬಾಯಿ ಆಟಿಕೆಯಂತೆ ಕಾಣುತ್ತದೆ. ಹಿಂದಿನ ತುದಿಯನ್ನು ಇಳಿಜಾರಾಗಿಸಿ ಹೊಗೆ ಹೊರಡುವ ಕೊಳವೆಯ ರಂಧ್ರ ತೆಗೆಯಬೇಕು. ಮರದ ನಾರು ಕಾಣದಂತೆ ಪ್ರೈಮರ್ ಹಚ್ಚಿ, ಉಜ್ಜಿ, ಮತ್ತೆ ಹಚ್ಚುತ್ತ ಹೋಗಬೇಕು.

ಪ್ಯಾಕ್‌ಗೂ ಬೆನ್ನಿಗೂ ನಡುವಿನ ಕಂಬ ಕಿಟ್‌ನ ಬಿಡಿಭಾಗಗಳನ್ನು ಹಿಡಿದಿದ್ದ ಚೌಕಟ್ಟಿನ ಚಪ್ಪಟೆ ತುಂಡಿನಿಂದ ಆಗುತ್ತದೆ. ಬರೀ ಅಂಟಿನ ಮೇಲೆ ನಂಬಿಕೆ ಇಡದೆ ಹಿತ್ತಾಳೆಯ ಸಣ್ಣ ತಂತಿಯನ್ನು ಕಂಬದೊಳಗಿಂದ ಬೆನ್ನಿನೊಳಕ್ಕೆ ಇಳಿಸಬೇಕು. ಸಂದಿಗೆ ಅಡುಗೆ ಸೋಡಾ ಉದುರಿಸಿ ಫೆವಿಕ್ವಿಕ್ ಹನಿ ಬಿಟ್ಟರೆ ಕ್ಷಣದಲ್ಲಿ ಕಲ್ಲಾಗುತ್ತದೆ. ಅದನ್ನು ಉಜ್ಜಿ ಬೆನ್ನಿನ ಬಾಗಿಗೆ ಬೆರೆಸಬಹುದು. ಮುಂದಿನಿಂದ ನೋಡಿದಾಗ ಪ್ಯಾಕ್ ಎರಡು ತೋಳುಗಳ ನಟ್ಟನಡುವೆ, ನೆಟ್ಟಗೆ ನಿಂತಿರಬೇಕು. ಇಷ್ಟಾದರೆ ಅಮೆರಿಕದ ಪೆಟ್ಟಿಗೆ ಭಾರತದ ವಿಮಾನವಾಯಿತು.

ಬಣ್ಣದ ಕೆಲಸಕ್ಕೆ ನವಲಗುಂದದ ಹವೆ ಸವಾಲೊಡ್ಡುತ್ತದೆ. ಪ್ಯಾಕೆಟ್‌ಗಳ ಮೈ ಹೆಚ್ಚಾಗಿ ಹೊಳೆಯುವ ಅಲ್ಯೂಮಿನಿಯಂ. ಬೆಳ್ಳಿ ಬಣ್ಣ ಯಾವ ಗೀರನ್ನೂ ಮುಚ್ಚಿಡದು, ಒಂದು ಧೂಳಿನ ಕಣವೂ ಗುಳ್ಳೆಯಾಗಿ ಎದ್ದು ತೋರುತ್ತದೆ. ಬೇಸಿಗೆಯಲ್ಲಿ ಎರೆಹೊಲಗಳಿಂದ ಏಳುವ ಧೂಳು ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ಮಳೆಗಾಲದ ತೇವದ ದಿನ ಸ್ಪ್ರೇ ಹೊಡೆದರೆ ಬಣ್ಣ ಬೆಳ್ಳಗೆ ಮಂಜಾಗುತ್ತದೆ. ಮಳೆ ನಿಂತು ಚಳಿ ಶುರುವಾಗುವ ದಿನಗಳಲ್ಲಿ, ಗಾಳಿ ಅಡಗಿದ ಹೊತ್ತಿನಲ್ಲಿ ಹೊಡೆಯುವುದು ಕ್ಷೇಮ. ಹೊಡೆದ ಕೂಡಲೇ ದೊಡ್ಡ ರಟ್ಟಿನ ಪೆಟ್ಟಿಗೆ ಕವುಚಬೇಕು. ಮೊದಲು ಹೊಳಪಿನ ಕಪ್ಪು, ಅದು ಪೂರ್ತಿ ಒಣಗಿದ ಮೇಲೆ ತೆಳುವಾಗಿ ಬೆಳ್ಳಿ: ಲೋಹದ ಆಳವಾದ ಹೊಳಪು ಬರುವುದು ಹೀಗೆ. ಎಂಜಿನ್ ಹಿಂದೆ ಮಸಿಯ ಕಲೆ, ಚಕ್ರಗಳಿಗೆ ಮಣ್ಣು ಹಿತಮಿತವಾಗಿರಲಿ.

ಕಿಟ್‌ನಲ್ಲಿ ಭಾರತದ ಚಿಹ್ನೆಗಳು ಸಿಗದಿದ್ದರೆ ಡೆಕಾಲ್ ಕಾಗದದ (ನೀರಿನಲ್ಲಿ ನೆನೆಸಿ ಚಿತ್ರ ಇಳಿಸುವ ಕಾಗದದ) ಮೇಲೆ ಮುದ್ರಿಸಿಕೊಳ್ಳಬಹುದು. 1950ರ ನಂತರದ ವಾಯುಪಡೆಯ ಚಿಹ್ನೆಯಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಸಾಮಾನ್ಯ ಪ್ರಿಂಟರ್ ಬಿಳಿ ಬಣ್ಣ ಮುದ್ರಿಸುವುದಿಲ್ಲ. ಹಾಗಾಗಿ ಚಿಹ್ನೆ ಬರುವಲ್ಲಿ ಮೊದಲು ಬಿಳಿಯ ದುಂಡು ಬಳಿದು, ಅದರ ಮೇಲೆ ಡೆಕಾಲ್ ಇಳಿಸಬೇಕು. ಇಲ್ಲದಿದ್ದರೆ ಬೆಳ್ಳಿಯ ಮೇಲೆ ಕೇಸರಿ ಮಂಕಾಗುತ್ತದೆ.

ಆಮದು ಕಿಟ್‌ನ ಬೆಲೆ ಎಲ್ಲರ ಕೈಗೂ ಎಟುಕದು. ಆದರೆ ಇದೇ ಅಳತೆಗಳಿಂದ ರಟ್ಟು, ಥರ್ಮಾಕೋಲ್, ಜೋಳದ ದಂಟಿನಲ್ಲೂ ಪ್ಯಾಕೆಟ್ ಕಟ್ಟಬಹುದು. ದಂಟಿನ ಸಿಪ್ಪೆ ಮತ್ತು ಬೆಂಡಿನಿಂದ ಬಂಡಿ ಮಾಡಿ ಆಡಿದ ಮಕ್ಕಳಿರುವ ಸೀಮೆ ಇದು. ಪ್ಯಾಕೆಟ್‌ನ ನೀಳ ತೋಳುಗಳಿಗೆ ನೇರವಾದ ದಂಟು ಹೇಳಿಮಾಡಿಸಿದ್ದು. ಥರ್ಮಾಕೋಲ್ ಬಳಸಿದರೆ ಕಿಟ್‌ನ ಅಂಟನ್ನಾಗಲಿ ಡಬ್ಬಿಯ ಸ್ಪ್ರೇಯನ್ನಾಗಲಿ ತಾಗಿಸಬಾರದು, ಅದು ಕರಗಿಹೋಗುತ್ತದೆ. ಫೆವಿಕಾಲ್, ಅದರ ಮೇಲೆ ಕಾಗದದ ಹೊದಿಕೆ, ಆಮೇಲೆ ನೀರಿನ ಬಣ್ಣ ಸಾಕು.

1984ರಿಂದ ಪ್ಯಾಕೆಟ್‌ಗಳ ಜಾಗಕ್ಕೆ ಸೋವಿಯತ್ ದೇಶದ ಆಂಟೊನೊವ್ ಆನ್-32 ಬಂತು; ಬೆಂಗಳೂರಿನ ಯಲಹಂಕದಲ್ಲಿ ಸಾಗಣೆ ವಿಮಾನಗಳ ಪೈಲಟ್‌ಗಳು ಇದರ ಮೇಲೆ ಪಳಗಿದ್ದಾರೆ. ಎತ್ತರದ ತಾಣಗಳಿಗೆಂದೇ ಅದೇ ಆಂಟೊನೊವ್‌ನ ಹಿಂದಿನ ವಿಮಾನ ಆನ್-26ರ ಎಂಜಿನ್ ಬದಲಿಸಿ ರೂಪಿಸಿದ ವಿಮಾನವದು: 3.9 ಮೀಟರ್ ಬದಲು 4.7 ಮೀಟರ್‌ನ ಪ್ರೊಪೆಲ್ಲರ್, ಅದು ನೆಲಕ್ಕೂ ಮೈಗೂ ತಾಗದಂತೆ ಎಂಜಿನ್‌ಗಳು ರೆಕ್ಕೆಯ ಮೇಲಕ್ಕೆ ಏರಿದವು. ಆನ್-26ರ ಕಿಟ್‌ನಿಂದ ಆನ್-32 ಮಾಡುವುದು ಪ್ಯಾಕೆಟ್ ಮುಗಿಸಿದವರು ಕೈಹಾಕಬಹುದಾದ ಮುಂದಿನ ಕೆಲಸ. ನವಲಗುಂದ ತಾಲ್ಲೂಕಿನ ಶಾಲೆಗಳ ವಿಜ್ಞಾನ ಪ್ರದರ್ಶನದಲ್ಲಿ ಫೈಟರ್‌ಗಳ ಪಕ್ಕದಲ್ಲಿ ಜೆಟ್ ಪ್ಯಾಕೆಟ್ ಒಂದನ್ನೂ ಇಡಿ; ಪೀಠದ ಮೇಲೆ ಆ ವಿಮಾನದ ವರ್ಷ, ಅದು ಹೊತ್ತ ಎಂಜಿನ್, ಆ ಎಂಜಿನ್ ತಯಾರಾದ ಊರು ಮೂರನ್ನೂ ಕನ್ನಡದಲ್ಲಿ ಬರೆಯಿರಿ.