ಗಣಕದ ಮೂಲಸ್ಮೃತಿಗೆ ಬಿದ್ದ ಬೀಗ

ಲ್ಯಾಪ್‌ಟಾಪಿನ ಗುಂಡಿಯನ್ನು ಒತ್ತಿದೊಡನೆ ಮೊದಲು ಎಚ್ಚರಗೊಳ್ಳುವುದು ಯಾವುದು? ವಿಂಡೋಸ್, ಉಬುಂಟು ಮೊದಲಾದ ಕಾರ್ಯಾಚರಣ ವ್ಯವಸ್ಥೆಗಳೆಂದು ನಾವು ಭಾವಿಸುವುದುಂಟು. ವಾಸ್ತವವಾಗಿ ಅವುಗಳಿಗಿಂತ ಮೊದಲೇ ಏಳುವ ಕಿರು ತಂತ್ರಾಂಶವೊಂದಿದೆ, ಅದೇ ಫರ್ಮ್‌ವೇರ್. ರೂಢಿಯಲ್ಲಿ ಅದನ್ನು ಬಯಾಸ್ ಎನ್ನುತ್ತಾರೆ. ಮದರ್‌ಬೋರ್ಡಿನ ಮೇಲೆ, ಸಾಮಾನ್ಯವಾಗಿ ೮ ಕಾಲುಗಳುಳ್ಳ ಒಂದು ಫ್ಲ್ಯಾಶ್ ಚಿಪ್ಪಿನಲ್ಲಿ ಅದರ ವಾಸ. ವಿದ್ಯುತ್ತು ಹೋದರೂ ಅಲ್ಲಿಯ ಬರಹ ಅಳಿಯುವುದಿಲ್ಲ.

೨೦೧೭ರ ಅಕ್ಟೋಬರ್ ೧೯ರಂದು ಉಬುಂಟು ೧೭.೧೦ ಬಿಡುಗಡೆಯಾಯಿತು. ಅದನ್ನು ಅಳವಡಿಸಿಕೊಂಡ ಲೆನೊವೊ, ಏಸರ್ ಮೊದಲಾದ ಕೆಲವು ಲ್ಯಾಪ್‌ಟಾಪುಗಳಲ್ಲಿ ವಿಚಿತ್ರವಾದ ರೋಗವೊಂದು ಕಾಣಿಸಿಕೊಂಡಿತು. ಬಯಾಸಿನಲ್ಲಿ ಮಾಡಿದ ಬದಲಾವಣೆ ಉಳಿಯಲೊಲ್ಲದು, ಯು.ಎಸ್.ಬಿ. ಕಡ್ಡಿಯಿಂದ ಯಂತ್ರವನ್ನು ಆರಂಭಿಸಲು ಸಾಧ್ಯವಾಗದು. ಡಿಸೆಂಬರಿನಲ್ಲಿ ಆ ಆವೃತ್ತಿಯ ವಿತರಣೆಯನ್ನು ತಡೆಹಿಡಿಯಬೇಕಾಯಿತು. ತಿದ್ದಿದ ಆವೃತ್ತಿ ಹೊರಬಂದುದು ೨೦೧೮ರ ಜನವರಿಯಲ್ಲಿ.

ಇದರ ಕಾರಣವೇನು? ಬಂಡೀಪುರದ ಅರಣ್ಯಮಾರ್ಗವನ್ನು ನಾವೆಲ್ಲರೂ ಬಲ್ಲೆವು. ೨೦೦೯ರಲ್ಲಿ ಜಾರಿಗೆ ಬಂದ ನಿಷೇಧದಂತೆ ರಾತ್ರಿ ೯ರಿಂದ ಬೆಳಿಗ್ಗೆ ೬ರವರೆಗೆ ಅಲ್ಲಿ ವಾಹನಸಂಚಾರಕ್ಕೆ ತಡೆಯುಂಟು. ಗೇಟು ಮುಚ್ಚಿದ ಮಾತ್ರಕ್ಕೆ ರಸ್ತೆ ಕೆಟ್ಟಿತೆಂದು ಯಾರೂ ಹೇಳುವುದಿಲ್ಲ. ಫ್ಲ್ಯಾಶ್ ಚಿಪ್ಪಿನಲ್ಲಿಯೂ ಇಂಥ ಗೇಟೊಂದಿದೆ. ಅದರ ಸ್ಥಿತಿಸೂಚಕದಲ್ಲಿರುವ ಕೆಲವು ಬಿಟ್‌ಗಳು ೧ ಆದರೆ ಬರಹವನ್ನು ಓದಬಹುದು, ಬದಲಿಸಲಾಗದು. ಉಬುಂಟುವಿನ ತಿರುಳಾದ ಲಿನಕ್ಸ್ ಕರ್ನೆಲ್ಲಿನೊಳಗೆ ಇಂಟೆಲ್ ಎಸ್.ಪಿ.ಐ. ಎಂಬ ಚಾಲಕವಿತ್ತು. ಚಿಪ್ಪಿನೊಡನೆ ವ್ಯವಹರಿಸುವಾಗ ಅದು ಈ ಗೇಟನ್ನು ಅಕಾಲದಲ್ಲಿ ಮುಚ್ಚಿಬಿಟ್ಟಿತು. ಗೇಟಿನ ಸ್ಥಿತಿಯೂ ಚಿಪ್ಪಿನಲ್ಲಿಯೇ ಉಳಿಯುವುದರಿಂದ ಯಂತ್ರವನ್ನು ಆರಿಸಿ ಹೊತ್ತಿಸಿದರೂ ಅದು ತೆರೆಯಲಿಲ್ಲ.

ಚಿಕಿತ್ಸೆ ಎರಡು ಹಂತಗಳಲ್ಲಿ ನಡೆಯಿತು. ಕರ್ನೆಲ್ ೪.೧೩.೦-೨೧ರಲ್ಲಿ ಆ ಚಾಲಕವನ್ನೇ ಕೈಬಿಡಲಾಯಿತು. ಇದರಿಂದ ಹೊಸ ಯಂತ್ರಗಳು ಪಾರಾದವು. ಆದರೆ ಈಗಾಗಲೇ ಬಿದ್ದಿದ್ದ ಬೀಗ ತೆರೆಯಲಿಲ್ಲ. ಆದಕಾರಣ ರೋಗಗ್ರಸ್ತ ಯಂತ್ರಗಳಿಗೆ, ತಿದ್ದಿದ ಚಾಲಕವುಳ್ಳ ೪.೧೫ರ ಪರೀಕ್ಷಾ ಕರ್ನೆಲ್ಲನ್ನು ಉಬುಂಟುವಿನೊಳಗಿನಿಂದಲೇ ಅಳವಡಿಸಿ, ಅದರಿಂದ ಯಂತ್ರವನ್ನು ಆರಂಭಿಸಬೇಕೆಂದು ಸೂಚಿಸಲಾಯಿತು. ಆ ಕರ್ನೆಲ್ ಬೀಗವನ್ನು ತೆಗೆಯುತ್ತಿತ್ತು. ಒಮ್ಮೆಗೆ ಗುಣವಾಗದಿದ್ದರೆ ನಡುವೆ ಬಯಾಸನ್ನು ಪ್ರವೇಶಿಸದೆ ಮತ್ತೊಮ್ಮೆ ಅದರಿಂದಲೇ ಆರಂಭಿಸಬೇಕಾಗಿತ್ತು.

ರೋಗ ಕಂಡೊಡನೆ ಗಾಬರಿಯಿಂದ ಉಬುಂಟುವನ್ನೇ ಅಳಿಸಿಹಾಕಿದವರ ಪಾಡು ಕಠಿನವಾಯಿತು. ಯು.ಎಸ್.ಬಿ. ದಾರಿ ಮುಚ್ಚಿದ್ದುದರಿಂದ ಔಷಧವನ್ನು ಒಳಗೆ ಕಳುಹಿಸುವುದೇ ದುಸ್ತರ. ಇಂಥಲ್ಲಿ ಉಳಿಯುವ ಉಪಾಯವೆಂದರೆ, ನುರಿತ ಕುಶಲಕರ್ಮಿಯು ಚಿಪ್ಪಿನ ಕಾಲುಗಳಿಗೆ ಕ್ಲಿಪ್ಪು ಹಾಕಿ, ಪ್ರೋಗ್ರಾಮರ್ ಎಂಬ ಉಪಕರಣದ ಮೂಲಕ ಹೊರಗಿನಿಂದ ಅದನ್ನು ಸರಿಪಡಿಸುವುದು. ಆಗಲೂ ಮೊದಲು ಚಿಪ್ಪಿನ ಬರಹದ ಪ್ರತಿಯೊಂದನ್ನು ತೆಗೆದಿರಿಸಬೇಕು. ಆ ಯಂತ್ರಕ್ಕೇ ವಿಶಿಷ್ಟವಾದ ಸಂಖ್ಯೆಗಳು ಅದರಲ್ಲಿರುತ್ತವೆ.

ಗುಂಡ್ಲುಪೇಟೆಯಲ್ಲಾಗಲಿ ಚಾಮರಾಜನಗರದಲ್ಲಾಗಲಿ ಓದುವ ವಿದ್ಯಾರ್ಥಿಗೆ ಮದರ್‌ಬೋರ್ಡನ್ನೇ ಬದಲಿಸುವ ವೆಚ್ಚ ಸಣ್ಣದಲ್ಲ. ಕೆಟ್ಟದ್ದು ಯಾವುದು, ಬರಿದೆ ಮುಚ್ಚಿಕೊಂಡದ್ದು ಯಾವುದು ಎಂಬ ವಿವೇಚನೆಯೇ ರಿಪೇರಿಯ ಮೊದಲ ಪಾಠ. ಈ ಪ್ರಕರಣದಲ್ಲಿ ರಸ್ತೆ ನೆಟ್ಟಗೇ ಇತ್ತು. ತೆರೆಯಬೇಕಾದುದು ಗೇಟು ಮಾತ್ರ.